ಕೆಟಲಾಗಿನಲ್ಲಿ ಯಾರೂ ಸಾಯುತ್ತಿರಲಿಲ್ಲ

ನನ್ನ ಕುರ್ಚಿಗೆ ಈಗ ಇಬ್ಬರು ಹುಡುಗಿಯರು ಬಂದಿದ್ದಾರಂತೆ. ಆಫೀಸಿನ ನಿಖಿತಾ ಫೋನು ಮಾಡಿ, "ಪದ್ಮಾ ಆಂಟಿ, ಇವ್ರಿಗೆ ಕೆಲ್ಸ ಹೇಳ್ಕೊಡೋಕೆ ನಂಗೆ ಟೈಮೇ ಸಿಗ್ತಿಲ್ಲ. ನೀವು ಮನೇಲೇ ಕೂತು ಏನಾದ್ರೂ ಬರ್ದು ಕಳ್ಸಿ. ಬುದ್ಧಿಮಾತು ಬೇಡ, ಏನೇನ್ ನಡೀತೋ ಅದನ್ನ ಬರೀರಿ ಸಾಕು" ಎಂದಳು. ನಡೆದದ್ದನ್ನು ನಡೆದ ಹಾಗೆ ಬರೆಯುವುದು ನನಗೆ ಎಂಥ ಕಷ್ಟದ ಕೆಲಸ ಎಂದು ಅವಳಿಗೂ ಗೊತ್ತು. ಗೊತ್ತಿದ್ದೇ ಕೇಳಿದ್ದಾಳೆ.

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಕೆಲಸ ಬಿಟ್ಟೆ. ಒಂದು ಕಣ್ಣು ಅಷ್ಟಕ್ಕಷ್ಟೇ. ಇನ್ನೊಂದರಲ್ಲಿ ದಪ್ಪ ಅಕ್ಷರದ ಸ್ತೋತ್ರದ ಪುಸ್ತಕ ಓದಿಕೊಳ್ಳುತ್ತೇನೆ, ಅಕ್ಕಿ ಆರಿಸುತ್ತೇನೆ. ಭಗವಂತ ಅಷ್ಟು ಉಳಿಸಿಕೊಟ್ಟಿದ್ದಾನೆ. ಆ ಉಳಿದ ಕಣ್ಣಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಿನಿಮಾ ಹಂಚುವ ಕಂಪನಿ. ಹಾಗೆಂದರೆ ಜನ ಗಾಂಧಿನಗರದ ಕಡೆ ನೋಡುತ್ತಾರೆ. ನಾವಿದ್ದದ್ದು ಪೀಣ್ಯ ಎರಡನೇ ಹಂತದಲ್ಲಿ, ಕೆಳಗೆ ಪೌಡರ್ ಕೋಟಿಂಗ್ ಶೆಡ್ಡು, ಮೇಲೆ ನಮ್ಮ ಆಫೀಸು. ಕಟ್ಟಡ ನಮ್ಮ ಕಂಪನಿಯ ಮಾಲೀಕರಾದ ಶ್ರೀಧರ್ ಸಾರ್ ಅವರ ತಂದೆಯದು. ತಂದೆ ಕಬ್ಬಿಣಕ್ಕೆ ಬಣ್ಣ ಹಾಕಿಸಿ ಸಂಪಾದಿಸಿದರು, ಮಗ ಸಿನಿಮಾ ಹಿಡಿದರು. ದೊಡ್ಡ ಹಂಚಿಕೆದಾರರು ಕೈಯಲ್ಲೂ ಮುಟ್ಟದ ಸಣ್ಣ ಚಿತ್ರಗಳನ್ನು ತೆಗೆದುಕೊಂಡು ಕಾಲೇಜಿಗೆ, ಕಾರ್ಖಾನೆಗೆ, ಮಹಿಳಾ ಸಂಘಕ್ಕೆ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳ ಕನ್ನಡ ಬಳಗಕ್ಕೆ ಪ್ರದರ್ಶನಕ್ಕೆ ಕೊಡುವುದು ನಮ್ಮ ವ್ಯವಹಾರ. ಸಾರ್ ಅವರ ತಾಯಿ ನಮ್ಮ ಭಜನಾ ಮಂಡಳಿಯವರು. ಮಂಡಳಿಯ ವರದಿ ಬರೆಯುತ್ತಿದ್ದವಳು ನಾನು. "ನಿನ್ನ ಕೈಬರಹ ಮುದ್ದಾಗಿದೆ, ನಮ್ಮ ಹುಡುಗನ ಆಫೀಸಿಗೆ ಬಾರಮ್ಮ" ಎಂದು ಅವರೇ ಕರೆದುಕೊಂಡು ಹೋದರು. ಆಗ ನಮ್ಮ ಮನೆಯವರು ಸರ್ಕಾರಿ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತಿದ್ದರು. ಬಂದ ಕೆಲಸವನ್ನು ದೇವರ ಪ್ರಸಾದ ಎಂದೇ ಕಣ್ಣಿಗೊತ್ತಿಕೊಂಡೆ.

ಹಾಗೆಂದು ಹೊರಗೆ ಹೇಳಿಕೊಳ್ಳಲಿಲ್ಲ. ಸಿನಿಮಾ ಕಂಪನಿ ಎನ್ನಲು ನಾಚಿಕೆ. ಓರಗಿತ್ತಿಗೆ "ಆಫೀಸ್ ಕೆಲಸ" ಎಂದೆ, ಮಂಡಳಿಯ ಉಳಿದವರಿಗೆ "ಪ್ರಿಂಟಿಂಗ್ ಕೆಲಸ" ಎಂದೆ. ಒಂದು ದಿನ ಮಂಡಳಿಯ ಸುಬ್ಬಲಕ್ಷ್ಮಮ್ಮನವರು, "ಪದ್ಮ, ಪ್ರಿಂಟಿಂಗ್ ಅಂತೀಯ, ಕೈಯಲ್ಲಿ ಒಂದು ಚುಕ್ಕೆ ಮಸಿ ಇಲ್ವಲ್ಲೇ!" ಎಂದು ಎಲ್ಲರೆದುರು ಕೈ ಹಿಡಿದು ನೋಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಕಿವಿ ಮಾತ್ರ ಕಾದ ಬಾಣಲೆಯ ಹಾಗಾಗಿತ್ತು.

ಕೆಲಸ ಇಷ್ಟೇ. ಕಂಪನಿಗೆ ಬಂದ ಚಿತ್ರವನ್ನು ಪೂರ್ತಿ ನೋಡಬೇಕು, ಕೆಟಲಾಗಿಗೆ ಐದಾರು ಸಾಲಿನ ಕಥಾಸಾರ ಬರೆಯಬೇಕು, ಕೊನೆಗೆ ಯಾರು ನೋಡಬಹುದು ಎಂಬ ಒಂದು ಸಾಲು. ಮೊದಲು ಕೆಟಲಾಗು ಅಚ್ಚಾದ ಪುಸ್ತಕವಾಗಿತ್ತು, ಚಿತ್ರಗಳು ಡಿವಿಡಿಯಲ್ಲಿರುತ್ತಿದ್ದವು. ಆಮೇಲೆ ಹಾರ್ಡ್ ಡಿಸ್ಕ್ ಬಂತು. ಈಗ ಎಲ್ಲ ಲಿಂಕು, ಪಾಸ್‌ವರ್ಡು. ಬದಲಾಗದೆ ಉಳಿದದ್ದು ಒಂದೇ: ಬುಕ್ ಮಾಡುವವರು ಚಿತ್ರ ನೋಡುವುದಿಲ್ಲ. ನೋಡಲು ಅವರಿಗೆ ಪುರುಸೊತ್ತಿರುವುದಿಲ್ಲ. ಅವರು ಓದುವುದು ನಮ್ಮ ಐದಾರು ಸಾಲನ್ನು. ಹೊಸಬರು ಇದನ್ನು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ನಾನು ಬೆಳೆದ ಮನೆಯಲ್ಲಿ ಕೆಲವು ಮಾತು ಆಡುವಂತಿರಲಿಲ್ಲ. ಡಬ್ಬಿಯಲ್ಲಿ ಕುಂಕುಮ ಮುಗಿದರೆ "ಕುಂಕುಮ ಹೆಚ್ಚಿದೆ" ಅನ್ನಬೇಕು. ದೀಪ ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು. ಹೊರಟವರು ಹೋಗುತ್ತೇನೆ ಅನ್ನಬಾರದು, ಹೋಗಿ ಬರುತ್ತೇನೆ ಅನ್ನಬೇಕು. ಗಂಡನ ಹೆಸರಂತೂ ಬಾಯಲ್ಲಿ ಬರಬಾರದು. ಅಸ್ತು ದೇವತೆಗಳು ಸುತ್ತ ತಿರುಗುತ್ತಿರುತ್ತಾರೆ, ಕೇಳಿದ್ದಕ್ಕೆಲ್ಲ ಅಸ್ತು ಎನ್ನುತ್ತಾರೆ ಎಂದು ನಮ್ಮಮ್ಮ ಹೇಳಿಕೊಟ್ಟದ್ದು. ಬಾಯಲ್ಲಿ ಆಡಬಾರದ್ದನ್ನು ಕೈಯಲ್ಲಿ ಬರೆಯುವುದು ಹೇಗೆ? ಅದೂ ನಾನು ಸ್ನಾನ ಮಾಡಿ, ದೇವರಿಗೆ ಹೂವಿಟ್ಟು, ಅದೇ ಕೈಯಲ್ಲಿ ಬರೆಯುತ್ತಿದ್ದವಳು.

ಮೊದಲ ವರ್ಷವೇ ಒಂದು ಎಡವಟ್ಟಾಯಿತು. ಒಂದು ಚಿತ್ರದ ನಾಯಕನ ಹೆಸರೂ ನಮ್ಮ ಮನೆಯವರ ಹೆಸರೂ ಒಂದೇ. ನಾನು ಕಥಾಸಾರದಲ್ಲಿ ಮೊದಲಿಂದ ಕೊನೆಯವರೆಗೆ "ಮನೆಯ ಯಜಮಾನರು" ಎಂದೇ ಬರೆದೆ. "ಮನೆಯ ಯಜಮಾನರು ಹತ್ತನೇ ತರಗತಿಯಲ್ಲಿ ಅನುತ್ತೀರ್ಣರಾಗುತ್ತಾರೆ" ಎಂದು ಅಚ್ಚಾಯಿತು. ನಿರ್ದೇಶಕ ಫೋನು ಮಾಡಿ ಕಿರುಚಾಡಿದ: "ಸಾರ್, ನನ್ ಹೀರೋಗೆ ಹದಿನಾರು ವರ್ಷ! ಯಜಮಾನ ಹೆಂಗಾದ ಗುರೂ ಅವ್ನು?"

ಶ್ರೀಧರ್ ಸಾರ್ ನನ್ನನ್ನು ಕರೆದು ಕೇಳಿದರು. ನಾನು ತಲೆ ತಗ್ಗಿಸಿ ಕಾರಣ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಪದ್ಮಮ್ಮ, ನಿಮ್ಮ ಯಜಮಾನ್ರಿಗೆ ಹೇಳಿ, ಅವ್ರು ಈ ಸಲ ಪಾಸಾಗ್ಬೇಕು ಅಂತ" ಎಂದರು. ನಿಖಿತಾ ಆಗಿನ್ನೂ ಹೊಸಬಳು, ವಾರವಿಡೀ ನನ್ನನ್ನು "ಹತ್ತನೇ ಕ್ಲಾಸ್ ಆಂಟಿ" ಎಂದು ಕರೆದಳು. ಬಯ್ಯಿಸಿಕೊಳ್ಳಲಿಲ್ಲವಲ್ಲ, ದೇವರು ದೊಡ್ಡವನು ಎಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಆ ನಗುವಿನಿಂದ ನನಗೆ ಧೈರ್ಯ ಬಂದುಬಿಟ್ಟಿತು. ನನ್ನ ಮಡಿ ಎಲ್ಲರಿಗೂ ಒಪ್ಪಿಗೆಯಾಯಿತು ಎಂದುಕೊಂಡೆ.

ಸಾವನ್ನು ನಾನು ಬರೆಯುತ್ತಲೇ ಇರಲಿಲ್ಲ. ನಮ್ಮ ಕೆಟಲಾಗಿನಲ್ಲಿ ಅಜ್ಜಂದಿರು ಸಾಯುತ್ತಿರಲಿಲ್ಲ, ಹೆರಿಗೆಯಲ್ಲಿ ಹೆಂಗಸರು ಸಾಯುತ್ತಿರಲಿಲ್ಲ, ನೇಣು ಹಾಕಿಕೊಂಡವರೂ ಸಾಯುತ್ತಿರಲಿಲ್ಲ. ಅವರೆಲ್ಲ "ಬದುಕಿನ ಅನಿರೀಕ್ಷಿತ ತಿರುವು" ಎದುರಿಸುತ್ತಿದ್ದರು. ಸಾರ್ ಅಚ್ಚಿಗೆ ಕೊಡುವ ಮುಂಚೆ ಓದಬೇಕಿತ್ತು. ಮೊದಮೊದಲು ಓದುತ್ತಿದ್ದರು, ಆಮೇಲೆ "ನೀವು ನೋಡಿದ್ದೀರಲ್ಲ, ಸಾಕು ಬಿಡಿ" ಎನ್ನುತ್ತಿದ್ದರು. ನಾನು ನೋಡಿರುತ್ತಿದ್ದೆ, ನಿಜ. ಸಾಯುವ ಭಾಗ ಬಂದಾಗ ಮಾತ್ರ ಧ್ವನಿ ತೆಗೆದು, ಕಿಟಕಿಯಲ್ಲಿ ನಾನೇ ಇಟ್ಟಿದ್ದ ತುಳಸಿ ಕುಂಡದ ಕಡೆ ಮುಖ ತಿರುಗಿಸಿಕೊಂಡಿರುತ್ತಿದ್ದೆ.

ಹೀಗಿರುವಾಗ ಆ ಚಿತ್ರ ಬಂತು. ಅದರ ಹೆಸರು ಇಲ್ಲಿ ಬೇಡ, ಮಾಡಿದ ಹುಡುಗಿಗೆ ಅದೇ ಮೊದಲ ಚಿತ್ರ. ಸಣ್ಣ ವರ್ಕ್‌ಶಾಪೊಂದರಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ ನಡೆಸುವ ತಂದೆ, ರೊಟ್ಟಿ ಬಡಿಯುವ ತಾಯಿ, ಶಾಲೆಗೆ ಹೋಗುವ ಮಗಳು. ಅರ್ಧ ಚಿತ್ರಕ್ಕೆ ತಂದೆ ಆ ಮೆಷಿನ್ನಿಗೆ ಸಿಕ್ಕಿ ಸಾಯುತ್ತಾನೆ. ಉಳಿದರ್ಧ ತಾಯಿ ಮಗಳದ್ದು. ನಾನು ಬರೆದದ್ದು ನನಗೆ ಇವತ್ತಿಗೂ ಬಾಯಿಪಾಠ: "ದುಡಿಯುವ ತಂದೆ, ತಾಳ್ಮೆಯ ತಾಯಿ, ಮುದ್ದಿನ ಮಗಳು. ಶ್ರಮಜೀವಿ ಕುಟುಂಬವೊಂದರ ಪ್ರೀತಿ ವಾತ್ಸಲ್ಯದ ಕಥೆ. ಮನೆಮಂದಿಯೆಲ್ಲ ಕೂತು ನೋಡಬಹುದಾದ ಚಿತ್ರ."

ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಕಾರ್ಖಾನೆಗಳ ಹಬ್ಬ. ಆ ದಿನ ಮೆಷಿನ್ನುಗಳಿಗೆಲ್ಲ ಚೆಂಡುಹೂವು, ಬಾಳೆಕಂದು. ಕೆಲಸಗಾರರು ಹೆಂಡತಿ ಮಕ್ಕಳನ್ನು ಕರೆತಂದು ತಾವು ನಡೆಸುವ ಮೆಷಿನ್ನು ತೋರಿಸುತ್ತಾರೆ. ನಮ್ಮ ರಸ್ತೆಯ ಕೊನೆಯಲ್ಲಿ ಫ್ಯಾನಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದಿತ್ತು. ಅಲ್ಲಿನ ವೆಲ್‌ಫೇರ್ ಆಫೀಸರು ಪೂಜೆ ಆದ ಮೇಲೆ ಕುಟುಂಬದವರಿಗೆ ಒಂದು ಚಿತ್ರ ತೋರಿಸಬೇಕೆಂದು ನಮ್ಮ ಕೆಟಲಾಗು ತರಿಸಿ, ನನ್ನ ಈ ಸಾಲುಗಳನ್ನು ಓದಿ, ಇದನ್ನೇ ಆರಿಸಿದರು. ಸಾರ್ ಹೇಳಿದಾಗ ನನಗೆ ಹಿಗ್ಗೋ ಹಿಗ್ಗು. ಚಿತ್ರದಲ್ಲಿ ಏನಿದೆ ಎಂದು ಆಗಲಾದರೂ ನೆನಪಾಗಬೇಕಿತ್ತು. ನೆನಪಿದ್ದದ್ದು ನಾನು ಬರೆದದ್ದು ಮಾತ್ರ. ಬರೆದು ಬರೆದು ನನ್ನ ಬರಹವನ್ನೇ ನಾನು ನಂಬಿಬಿಟ್ಟಿದ್ದೆ. ಕೋಸಂಬರಿ ಮಾಡಿಕೊಂಡು, ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ.

ಕ್ಯಾಂಟೀನಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿದ್ದರು. ನನ್ನ ಮುಂದಿನ ಸಾಲಿನಲ್ಲಿ ಪ್ಯಾಕಿಂಗ್ ಸೆಕ್ಷನ್ನಿನ ನೀಲಮ್ಮ, ಪಕ್ಕದಲ್ಲಿ ಅವಳ ಮಗಳು ರೇಖಾ. ಏಳು ವರ್ಷವಿರಬಹುದು. ಕೊಪ್ಪಳದ ಕಡೆಯವರು. ನಾನು ಕೋಸಂಬರಿ ಕೊಟ್ಟಾಗ ಮಗು "ಅಕ್ಕಾರ, ಇದಕ್ಕ ಹಸಿಮೆಣಸಿನಕಾಯಿ ಹಾಕೇರೇನ್ರಿ?" ಎಂದು ವಿಚಾರಿಸಿಕೊಂಡೇ ಬಾಯಿಗೆ ಹಾಕಿಕೊಂಡಿತು. ನೀಲಮ್ಮನ ಕೈತುಂಬ ಹಸಿರು ಗಾಜಿನ ಬಳೆ. ಹಿಂದಿನ ಸಾಲಿನ ಇಬ್ಬರು ಹೆಂಗಸರು ಆ ಬಳೆ ನೋಡಿ ಏನೋ ಪಿಸುಗುಟ್ಟಿದರು. ನನಗೆ ಅರ್ಥವಾಗಲಿಲ್ಲ.

ಚಿತ್ರ ಶುರುವಾಯಿತು. ತೆರೆಯ ಮೇಲೆ ಪ್ರೆಸ್ ಮೆಷಿನ್ ಕಂಡಾಗ ಜನ ಚಪ್ಪಾಳೆ ಹೊಡೆದರು. "ಲೋ ಮಗಾ, ನಿನ್ ಮೆಷಿನ್ನೇ ಕಣೋ!" ಎಂದು ಯಾರೋ ಕೂಗಿದರು. ಆಮೇಲೆ ಆ ಭಾಗ ಬಂತು. ಅಲ್ಲಿ ಧ್ವನಿ ತೆಗೆಯಲು ನನ್ನ ಕೈಗೆ ಏನೂ ಸಿಗಲಿಲ್ಲ. ಮುಖ ತಿರುಗಿಸಿದರೆ ತುಳಸಿ ಇರಲಿಲ್ಲ, ಬಾಗಿಲಾಚೆ ಹೂವು ಮುಡಿದ ನಿಜವಾದ ಮೆಷಿನ್ನುಗಳೇ ಇದ್ದವು. ತೆರೆಯ ಮೇಲೆ ಹೆಂಗಸರು ಆ ತಾಯಿಯ ಕೈಹಿಡಿದು ಬಳೆ ತೆಗೆಯುತ್ತಿದ್ದರು.

ರೇಖಾ ಅಮ್ಮನ ಕಡೆ ತಿರುಗಿದಳು. ಮಕ್ಕಳಿಗೆ ಪಿಸುಗುಟ್ಟಲು ಬರುವುದಿಲ್ಲ.

"ಅವ್ವಾ, ಅಪ್ಪಗ ಹಿಂಗ ಆಗಿಲ್ಲಲ್ಲ? ನಿನ್ನ ಬಳಿ ಅದಾವಲ್ಲ?"

ನೀಲಮ್ಮ ಸೆರಗನ್ನು ಬಳೆಗಳ ಮೇಲೆ ಎಳೆದುಕೊಂಡಳು.

"ಹೇಳಬೇ. ಅದಾವಲ್ಲ ಬಳಿ?"

ನೀಲಮ್ಮ ಮಗಳನ್ನು ಎತ್ತಿಕೊಂಡು ಕಾಲು ಕುರ್ಚಿ ನೋಡದೆ ಹೊರಗೆ ನಡೆದಳು. ಹಿಂದಿನ ಸಾಲಿನ ಹೆಂಗಸೊಬ್ಬಳು, "ಇವತ್ತಲ್ಲ ನಾಳೆ ಗೊತ್ತಾಗ್ಲೇಬೇಕಿತ್ತು ಬಿಡೇ" ಎಂದಳು. ಇನ್ನೊಬ್ಬಳು, "ಅಯ್ಯೋ, ಹಿಂಗಾ? ಇಲ್ಲೇನಾ?" ಎಂದು ಬಾಯಿಗೆ ಸೆರಗು ಹಿಡಿದಳು. ಅವರಿಂದ ನನಗೆ ವಿಷಯ ತಿಳಿಯಿತು. ನೀಲಮ್ಮನ ಗಂಡ ಬೇರೊಂದು ಶೆಡ್ಡಿನಲ್ಲಿ ಪ್ರೆಸ್ ನಡೆಸುತ್ತಿದ್ದ. ಕೆಲವು ತಿಂಗಳ ಹಿಂದೆ ಹಾಗೇ ತೀರಿಕೊಂಡ. ಮಗು ಆಗ ಬೇರೆ ಊರಿನ ಅಜ್ಜಿಯ ಮನೆಯಲ್ಲಿತ್ತು. ಅಪ್ಪ ದೂರದೂರಿಗೆ ಕೆಲಸಕ್ಕೆ ಹೋಗಿದ್ದಾನೆ ಎಂದು ಹೇಳಿ ಕರೆತಂದಿದ್ದಳು. ಮಗುವಿಗೆ ಅನುಮಾನ ಬರಬಾರದೆಂದು, ಜನ ಆಡಿಕೊಂಡರೂ, ಬಳೆ ತೆಗೆದಿರಲಿಲ್ಲ.

ನಾನು ಹೊರಗೆ ಹೋದೆ. ನಲ್ಲಿಯ ಹತ್ತಿರ ಕಟ್ಟೆಯ ಮೇಲೆ ಕೂತಿದ್ದರು. ಮಗು ಅಳುತ್ತಿರಲಿಲ್ಲ. ಅಮ್ಮನ ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿತ್ತು. ನಾನು ಯಾರೆಂದು ಹೇಳಿದೆ. ಕೆಟಲಾಗಿನಲ್ಲಿ ಬರೆದವಳು ನಾನೇ ಎಂದೆ. ಬಯ್ಯಲಿ ಎಂದೇ ಹೇಳಿದೆ. ನೀಲಮ್ಮ ಬಯ್ಯಲಿಲ್ಲ.

"ನಮ್ಮ ಸಾಹೇಬ್ರು ಓದಿ ಹೇಳಿದ್ರ್ರಿ, ಮನಿ ಮಂದಿಯೆಲ್ಲ ನೋಡು ಪಿಚ್ಚರ್ ಐತಿ ಅಂತ. ಗೊತ್ತಿದ್ರ ಬರ್ತಿದ್ದಿಲ್ಲ ಅಂತಲ್ರಿ ಅಕ್ಕಾರ. ನಾ ಬರ್ತಿದ್ನಿ. ಈಕಿನ್ನ ಬಾಜೂಮನ್ಯಾಗ ಬಿಟ್ಟು ಬರ್ತಿದ್ನಿ." ಮಗಳ ತಲೆ ಸವರುತ್ತ ಹೇಳಿದಳು: "ದಸರಾ ಮುಗದ ಮ್ಯಾಲ ಊರಿಗೆ ಕರ್ಕೊಂಡು ಹೋಗಿ, ಅವರಪ್ಪನ ಮಣ್ಣು ಮಾಡಿದ್ದ ಜಾಗಾ ತೋರಿಸಿ, ಅಲ್ಲೇ ಕುಂದ್ರಿಸಿಕೊಂಡು ಹೇಳಬೇಕಂತ ಮಾಡಿದ್ನಿ. ಏನೇನ ಹೇಳಬೇಕು ಅಂತ ದಿನಾ ಮನಸಿನ್ಯಾಗ ಅಂದುಕೊಂತ ಇದ್ನಿ."

ಅವಳು ಆಡಬೇಕಿದ್ದ ಮಾತನ್ನು ನಾನು ಕಿತ್ತುಕೊಂಡಿದ್ದೆ. ಅವಳೂ ಸಾವನ್ನು ಬಾಯಿಬಿಟ್ಟು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವಳು ಹೇಳದೆ ಇದ್ದದ್ದು ಮಗುವಿಗಾಗಿ, ಹೊತ್ತು ಗೊತ್ತು ನೋಡಿಕೊಂಡು. ನಾನು ಹೇಳದೆ ಇದ್ದದ್ದು ನನ್ನ ಮನೆಯ ದೀಪ ಚೆನ್ನಾಗಿರಲಿ ಎಂದು. ಆ ಕಟ್ಟೆಯ ಮುಂದೆ ರೇಷ್ಮೆ ಸೀರೆಯಲ್ಲಿ ನಿಂತಿದ್ದಾಗ ಮೈಮೇಲೆ ಬಟ್ಟೆಯೇ ಇಲ್ಲವೇನೋ ಅನ್ನಿಸಿತು.

ಒಳಗೆ ಶ್ರೀಧರ್ ಸಾರ್ ವೆಲ್‌ಫೇರ್ ಆಫೀಸರ ಮುಂದೆ ಕೈಮುಗಿದು ನಿಂತಿದ್ದರು. "ಏನ್ರೀ, ಹಬ್ಬದ ದಿನ, ಮೆಷಿನ್ ಪೂಜೆ ಮಾಡಿರೋ ಜಾಗದಲ್ಲಿ ಇದನ್ನ ತೋರಿಸೋದಾ? ಇದ್ಯಾವ ಸೀಮೆ ಫ್ಯಾಮಿಲಿ ಪಿಚ್ಚರ್ರೀ?" ಎಂದು ಆಫೀಸರು ಕೂಗುತ್ತಿದ್ದರು. ಸಾರ್ ನನ್ನ ಹೆಸರೆತ್ತಲಿಲ್ಲ. "ಓದದೆ ಅಚ್ಚಿಗೆ ಕೊಟ್ಟೋನು ನಾನು ಸಾರ್. ತಪ್ಪು ನಂದು" ಎಂದರು. ಮುಂದೆ ಬಂದು "ಬರೆದವಳು ನಾನು" ಎನ್ನಬೇಕಿತ್ತು. ನೀಲಮ್ಮನ ಮುಂದೆ ಬಂದ ಮಾತು ಆ ಗಂಡಸರ ಮುಂದೆ ಬರಲಿಲ್ಲ. ಕೋಸಂಬರಿಯ ಡಬ್ಬಿ ಹಿಡಿದುಕೊಂಡು ಬಾಗಿಲ ಮರೆಯಲ್ಲೇ ನಿಂತೆ.

ಮನೆಗೆ ಬಂದು ನಡೆದದ್ದನ್ನು ಹೇಳಿ, ಕೆಲಸ ಬಿಡುತ್ತೇನೆ ಎಂದೆ. ನಮ್ಮ ಮನೆಯವರು ಮಾತು ಕಡಿಮೆ ಆಡುವವರು. ಪೇಪರಿನಿಂದ ತಲೆಯೆತ್ತಿ, "ನೀನು ಬಿಟ್ರೆ ಬರೆದದ್ದು ಅಳಿಸಿ ಹೋಗುತ್ತಾ? ಬೇರೆಯೋರೂ ಅದನ್ನೇ ಓದಿ ಬುಕ್ ಮಾಡ್ತಾರೆ ಅಷ್ಟೆ" ಎಂದರು. ಅವರಿಗೆ ಗೊತ್ತಿರಲಿಲ್ಲ, ಕೆಟಲಾಗಿನ ತುಂಬ ಅಂಥವೇ ಇದ್ದವು ಎಂದು.

ಮಾರನೆಯ ವಾರದಿಂದ ಹಳೆಯ ಚಿತ್ರಗಳನ್ನೆಲ್ಲ ಮೊದಲಿಂದ ನೋಡತೊಡಗಿದೆ. ಈ ಸಲ ಧ್ವನಿ ತೆಗೆಯಲಿಲ್ಲ. ತುಳಸಿ ಕುಂಡವನ್ನು ನನ್ನ ಬೆನ್ನ ಹಿಂದಿನ ಕಿಟಕಿಗೆ ಇಟ್ಟೆ. ಯಾರು ಸಾಯುತ್ತಾರೆ, ಹೇಗೆ ಸಾಯುತ್ತಾರೆ ಎಂದು ಬರೆದೆ. ಮೊದಲ ದಿನ ಆ ಪದ ಬರೆಯುವಾಗ ಅಕ್ಷರ ಸೊಟ್ಟಗಾಯಿತು. ಮನೆಗೆ ಹೋದವಳೇ ಮನೆಯವರು ಕೆಮ್ಮಿದರೂ ಓಡಿ ಹೋಗಿ ನೋಡುತ್ತಿದ್ದೆ. ಏನೂ ಆಗಲಿಲ್ಲ. ಅಸ್ತು ದೇವತೆಗಳಿಗೆ ನನ್ನ ಕೆಟಲಾಗು ಓದುವಷ್ಟು ಬಿಡುವಿರಲಿಲ್ಲ ಎಂದು ಕಾಣುತ್ತದೆ.

ನಿಖಿತಾ ಓದಿ ಗಾಬರಿಯಾದಳು. "ಆಂಟಿ, ಇದೇನು ಕೆಟಲಾಗಾ, ಸ್ಮಶಾನದ ರಿಜಿಸ್ಟರ್ರಾ? ಹಿಂಗೆ ಬರದ್ರೆ ಒಬ್ರೂ ಬುಕ್ ಮಾಡಲ್ಲ." ಸಾರ್ ಇಬ್ಬರನ್ನೂ ನೋಡಿ, "ಇರಲಿ ಬಿಡಮ್ಮ. ಮಾಡೋರು ಗೊತ್ತಿದ್ದು ಮಾಡ್ಲಿ" ಎಂದರು. ಬುಕಿಂಗು ಕಡಿಮೆಯಾಯಿತು, ಸುಳ್ಳೇಕೆ. ಈಗ ವೆಬ್‌ಸೈಟಿನಲ್ಲಿ ಸಾವು, ಹಿಂಸೆ ಎಂದು ಚೌಕಗಳಿವೆ, ಟಿಕ್ ಮಾಡಿದರೆ ಆಯಿತು. ಹೊಸಬರು ಚೌಕಕ್ಕೆ ಟಿಕ್ ಹಾಕಿ ಸುಮ್ಮನಾಗಬೇಡಿ. ಯಾಕೆ ಎಂದು ನನಗೂ ಆಗ ತಿಳಿದಿರಲಿಲ್ಲ. ಅದನ್ನು ಹೇಳಿಕೊಟ್ಟದ್ದು ರೇಖಾ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನೀಲಮ್ಮ ಮಗಳ ಕೈಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದಳು. ಊರಿಗೆ ಹೋಗಿ ಬಂದಿದ್ದರು. ಅವಳ ಕೈಯಲ್ಲಿ ಬಳೆಗಳು ಹಾಗೇ ಇದ್ದವು. ನಾನು ಅವನ್ನೇ ನೋಡಿದ್ದನ್ನು ನೋಡಿ, "ಈಕೀನೇ ತಗೀಬ್ಯಾಡ ಅಂದ್ಳ್ರಿ" ಎಂದಳು. ಆಮೇಲೆ ಬಂದ ವಿಷಯ ಹೇಳಿದಳು. "ಆ ಪಿಚ್ಚರ್ ಮತ್ತೊಮ್ಮೆ ನೋಡಬೇಕಂತ್ರಿ ಈಕಿಗೆ. ನಾ ಬ್ಯಾಡ ಅಂದ್ರೂ ಕೇಳವಲ್ಲಳು."

ದೀಪ ಹಚ್ಚುವ ಹೊತ್ತು. ಆ ಹೊತ್ತಿನಲ್ಲಿ ಅಳುವಿನ ಸದ್ದೂ ಕಿವಿಗೆ ಬೀಳಬಾರದು ಎಂದು ಬೆಳೆದವಳು ನಾನು. ನನ್ನ ಕಂಪ್ಯೂಟರಿನ ಮುಂದೆ ಮೂರು ಕುರ್ಚಿ ಹಾಕಿದೆ, ಮಗು ನಡುವೆ ಕೂತಿತು. ಅದು ಬೆಚ್ಚಿ ಬೀಳಬಾರದೆಂದು ಮುಂದೆ ಬರುವುದನ್ನೆಲ್ಲ ಮೊದಲೇ ಹೇಳುತ್ತ ಹೋದೆ. ಈಗ ಅಪ್ಪ ಬುತ್ತಿ ತಗೊಂಡು ಹೊರಡ್ತಾನೆ ಪುಟ್ಟಿ. ಈಗ ಮೆಷಿನ್ ಬರುತ್ತೆ. ಆಮೇಲೆ ಆ ಜಾಗ ಬಂತು. ನೀಲಮ್ಮ ನನ್ನನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಆ ಹೊತ್ತಿನಲ್ಲಿ ಆಡದ ಮಾತನ್ನು ಆಡಿದೆ.

"ಈಗ ಅಪ್ಪ ಸಾಯ್ತಾನೆ, ಪುಟ್ಟಿ."

ಮಗು ತೆರೆಯಿಂದ ಕಣ್ಣು ತೆಗೆಯಲಿಲ್ಲ.

"ಅದು ನಂಗ ಗೊತ್ತೈತ್ರಿ. ಮುಂದ ಹೇಳ್ರಿ. ಅವತ್ತು ಅವ್ವ ನನ್ನ ಎತ್ಕೊಂಡು ಹೊರಗ ಬಂದ್ಳು. ಮುಂದ ಆ ಹುಡುಗಿ, ಅವರವ್ವ ಏನ್ಮಾಡ್ತಾರ?"

ಮುಂದಿನ ಅರ್ಧ ಚಿತ್ರದ ಬಗ್ಗೆ ನಾನು ಒಂದಕ್ಷರ ಬರೆದಿರಲಿಲ್ಲ. ಅಪ್ಪ ಸಾಯದ ಕಥೆಯಲ್ಲಿ ಅವನಿಲ್ಲದ ಮನೆಗೆ ಜಾಗವೆಲ್ಲಿ? ಸಾವನ್ನು ಬಿಟ್ಟು ಬರೆಯುತ್ತ ಆ ತಾಯಿ ಮಗಳನ್ನೂ ಬಿಟ್ಟಿದ್ದೆ. ಹಬ್ಬದ ನಂತರ ತಿದ್ದಿ ಬರೆದಾಗಲೂ ಸಾವಿಗೇ ನಿಲ್ಲಿಸಿದ್ದೆ. ಈ ಮಗು ಬಂದದ್ದೇ ಅವರನ್ನು ಹುಡುಕಿಕೊಂಡು. ಇಷ್ಟು ವರ್ಷ ನನ್ನ ಕೆಟಲಾಗು ಓದಿ ಹಾಗೆ ಹುಡುಕಿ ಬರಬೇಕಿದ್ದವರು ಎಷ್ಟು ಜನ ಬಾರದೆ ಹೋದರೋ ದೇವರಿಗೇ ಗೊತ್ತು.

ಮುಂದಿನದನ್ನು ಮೂವರೂ ಸುಮ್ಮನೆ ನೋಡಿದೆವು. ತೆರೆಯ ಮೇಲಿನ ತಾಯಿ ಮಾರನೆಯ ದಿನ ಹಿಟ್ಟು ಕಲಸಿದಳು. ಎಷ್ಟು ರೊಟ್ಟಿ ಬಡಿಯಬೇಕೆಂದು ತಿಳಿಯದೆ ಕೈ ನಿಂತಿತು. ಮಗಳು ಬಂದು ಪಕ್ಕದಲ್ಲಿ ಕೂತು, ನಂಗೆ ಎರಡು, ನಿಂಗೆ ಎರಡು ಎಂದಳು. ನೀಲಮ್ಮ ಒಮ್ಮೆಲೇ ನಕ್ಕಳು. "ಈಕಿದೂ ಅದಽ ಮಾತು ನೋಡ್ರಿ" ಎಂದಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೋಗುವಾಗ ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ತಿಳಿಯದು. ಕೇಳುವ ಧೈರ್ಯ ಬರಲಿಲ್ಲ, ಈಗಲೂ ಇಲ್ಲ. ಮೆಟ್ರೋದಲ್ಲಿ ಪೀಣ್ಯ ದಾಟುವಾಗ ಕೆಳಗೆ ಆ ತಗಡಿನ ಛಾವಣಿಗಳು ಕಂಡರೆ ಇವತ್ತಿಗೂ ತಲೆ ತಾನಾಗಿ ಬಾಗುತ್ತದೆ.

ಅವರು ಮೆಟ್ಟಿಲಿಳಿದು ಹೋದ ಮೇಲೆ ದೀಪ ಹಚ್ಚಿ, ಕೂತು, ಆ ಚಿತ್ರದ ಕಥಾಸಾರವನ್ನು ಮತ್ತೆ ಬರೆದೆ. ನಿಖಿತಾ, ಅದನ್ನು ಹೊಸ ಹುಡುಗಿಯರಿಗೆ ತೋರಿಸು. ಈಗಲೂ ನಿಮ್ಮ ವೆಬ್‌ಸೈಟಿನಲ್ಲಿ ಹಾಗೇ ಇದೆ: "ಪ್ರೆಸ್ ಮೆಷಿನ್ ನಡೆಸುವ ತಂದೆ ಕೆಲಸದಲ್ಲಿ ಸಾಯುತ್ತಾನೆ. ಅದು ತೆರೆಯ ಮೇಲೆ ಕಾಣುತ್ತದೆ, ಮಕ್ಕಳಿಗೆ ಮೊದಲೇ ಹೇಳಿ ಕರೆತನ್ನಿ. ಆಮೇಲೆ ತಾಯಿ ಮಗಳು ರೊಟ್ಟಿ ಮಾಡುತ್ತಾರೆ. ಕೊನೆಯವರೆಗೂ ನೋಡಿ."